ಗಾಳಿ ಬಂದಾಗ ಮಡಿಸಿಕೋ

ಆಷಾಢ ಕಾಲಿಟ್ಟಿತೆಂದರೆ ಶೆಟ್ಟಿಹಳ್ಳಿಯ ನಮ್ಮ ಮನೆಯ ತಾರಸಿಯಲ್ಲಿ ಬಟ್ಟೆ ಒಣಹಾಕುವುದೇ ಒಂದು ಸಾಹಸ. ಕಳೆದ ವರ್ಷ ಅಂಥದೊಂದು ಮಧ್ಯಾಹ್ನ, ತಂತಿಯ ಮೇಲಿನ ಸೀರೆ ಪೀಣ್ಯದ ಕಡೆಯಿಂದ ಬೀಸಿದ ಗಾಳಿಯನ್ನು ತುಂಬಿಕೊಂಡು ಬಿಗಿದು ನಿಂತಿತ್ತು. ಗಂಗೊಳ್ಳಿಯಲ್ಲಿ ಹುಟ್ಟಿ, ಯೌವನದಲ್ಲಿ ದೋಣಿ ನಡೆಸಿ, ಎಂಬತ್ತು ದಾಟಿದ ಮೇಲೆ ನಮ್ಮಲ್ಲಿಗೆ ಬಂದು ನೆಲೆಸಿದ ಅಪ್ಪಯ್ಯ ಅದನ್ನೇ ದಿಟ್ಟಿಸಿ, ‘ಈ ಗಾಳಿಗೆ ಅರ್ಧ ಹಾಯಿ ಸಾಕ್, ಮಗಾ’ ಎಂದರು. ಕಡಲಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ಈ ಊರಿನಲ್ಲಿ ಆ ಮಾತಿಗೆ ಮರುಮಾತು ಆಡಬಲ್ಲವರಿರಲಿಲ್ಲ. ನಾನೂ ಸುಮ್ಮನಾದೆ.

ಅದರ ಅರ್ಥ ತಿಳಿದದ್ದು ಮುಂದಿನ ಚಳಿಗಾಲದಲ್ಲಿ, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಒಂಟಿ ಹಾಯಿಯ ಪುಟ್ಟ ದೋಣಿಯೊಂದನ್ನು ನಡೆಸಲು ಹೋದಾಗ. ಈ ಬಗೆಯ ದೋಣಿಗಳ ಹಿರಿಯಣ್ಣನೆಂದರೆ ಅಮೆರಿಕದ ಕೇಪ್ ಕಾಡ್ ತೀರದಲ್ಲಿ 19ನೇ ಶತಮಾನದಲ್ಲಿ ಮನೆಮಾತಾದ ಕ್ಯಾಟ್‌ಬೋಟ್. ಕೂವೆಮರ ಮೂತಿಯ ತುದಿಯಲ್ಲೇ ನಿಂತಿರುತ್ತದೆ. ಅದಕ್ಕೆ ಒಂದೇ ಒಂದು ದೊಡ್ಡ ಹಾಯಿ. ಅಗಲ ಉದ್ದದ ಅರ್ಧದಷ್ಟು. ನಡುವಿನ ಹಲಗೆಯನ್ನು ಮೇಲೆತ್ತಿದರೆ ಮೊಣಕಾಲುದ್ದದ ನೀರಿನಲ್ಲೂ ತೇಲುತ್ತದೆ. ಹಗಲ ವಿಹಾರಕ್ಕೆ, ದಡದ ಗುಂಟ ಊರಿಂದೂರಿಗೆ ಹೋಗಲು ಒಬ್ಬನೇ ನಡೆಸಬಹುದಾದ ಸರಳ ದೋಣಿ ಇದು.

ಸರಳತೆಗೆ ಬೆಲೆಯೂ ಉಂಟು. ಇದ್ದಬದ್ದ ಬಟ್ಟೆಯೆಲ್ಲ ಒಂದೇ ಹಾಯಿಯಲ್ಲಿರುವುದರಿಂದ ಗಾಳಿ ಏರಿದಂತೆ ಚುಕ್ಕಾಣಿ ಭಾರವಾಗಿ, ದೋಣಿ ಗಾಳಿಯತ್ತಲೇ ಮೂತಿ ತಿರುಗಿಸಲು ಹಟ ಹಿಡಿಯುತ್ತದೆ. ಅದಕ್ಕೆ ಮೊದಲೇ ಹಾಯಿಯ ಕೆಳಭಾಗವನ್ನು ಮಡಿಸಿ ಕಟ್ಟಬೇಕು. ತರಬೇತುದಾರರು ಎರಡು ಬಾರಿ ಎಚ್ಚರಿಸಿದರೂ, ವೇಗದ ಸುಖಕ್ಕೆ ಮರುಳಾಗಿ ನಾನು ತಡಮಾಡಿದೆ. ದೋಣಿ ಮಗುಚಿತು. ಜೀವರಕ್ಷಕ ಕವಚ ತೊಟ್ಟಿದ್ದರಿಂದ ನೀರು ಕುಡಿದದ್ದಷ್ಟೇ ನಷ್ಟ. ಮನೆಗೆ ಬಂದು ಹೇಳಿದಾಗ ಅಪ್ಪಯ್ಯ ನಗಲಿಲ್ಲ. ‘ಹಾಯಿ ಮಡ್ಚುಕೆ ನಾಚ್ಕಿ ಎಂತಕೆ?’ ಎಂದು ಕೇಳಿದರು.

ಬಯಲುಸೀಮೆಯ ಗಾದೆ ‘ಗಾಳಿ ಬಂದಾಗ ತೂರಿಕೋ’ ಎನ್ನುತ್ತದೆ. ಕಣದಲ್ಲಿ ಅದು ಸತ್ಯ. ಕಡಲಲ್ಲಿ ಗಾಳಿ ಬಂದಾಗ ಮಡಿಸಿಕೊಳ್ಳಬೇಕು. ಎರಡನ್ನೂ ಬಲ್ಲ ನಾಡು ನಮ್ಮದಾಗಿತ್ತು. ಈಗ ನಮ್ಮ ನಗರ ಮೊದಲನೆಯದನ್ನು ಮಾತ್ರ ಕಂಠಪಾಠ ಮಾಡಿಕೊಂಡಿದೆ.

300 ಕಿ.ಮೀ.ಗೂ ಉದ್ದದ ನಮ್ಮ ಕರಾವಳಿಯಲ್ಲಿ ಹಾಯಿಯ ವಿದ್ಯೆ ನಿತ್ಯದ ಬದುಕಾಗಿತ್ತು. ಚಳಿಗಾಲದ ನಸುಕಿನಲ್ಲಿ ನೆಲದಿಂದ ಬೀಸುವ ಗಾಳಿಗೆ ದೋಣಿ ಹೊರಹೋಗುತ್ತಿತ್ತು. ಮಧ್ಯಾಹ್ನ ಕಡಲ ಗಾಳಿ ಅದನ್ನು ಮನೆಗೆ ತರುತ್ತಿತ್ತು. ಯಂತ್ರದ ದೋಣಿಗಳು ಬಂದವು. 1970ರ ದಶಕದ ಕೊನೆಯ ಹೊತ್ತಿಗೆ ಪರ್ಸೀನ್ ಬಲೆಗಳು ರಂಪಣಿಯನ್ನು ಮೂಲೆಗೊತ್ತಿದವು. ಹಾಯಿಯೂ ಸುರುಳಿ ಸುತ್ತಿಕೊಂಡಿತು. ಇದಕ್ಕಾಗಿ ಕಣ್ಣೀರು ಸುರಿಸಬೇಕಿಲ್ಲ. ಎಂಜಿನ್ ಮೀನುಗಾರನ ತೋಳಿನ ಭಾರ ಇಳಿಸಿದೆ, ಜೀವಗಳನ್ನೂ ಉಳಿಸಿದೆ. ಆದರೆ ಗಾಳಿಯನ್ನು ಓದಬಲ್ಲ ಕೊನೆಯ ತಲೆಮಾರು ಇಂದು ಜಗಲಿಯ ಮೇಲೆ, ಇಲ್ಲವೇ ನಮ್ಮಂಥವರ ತಾರಸಿಯ ಮೇಲೆ ಕುಳಿತಿದೆ. ಅವರೊಂದಿಗೆ ಆ ಓದೂ ಮುಗಿಯಬೇಕೆ?

ಹಾಯಿದೋಣಿ ಶ್ರೀಮಂತರ ಶೋಕಿ ಎಂಬ ಆಕ್ಷೇಪ ಇದ್ದದ್ದೇ. ಮಕ್ಕಳಿಗಾಗಿಯೇ 1947ರಲ್ಲಿ ಫ್ಲೋರಿಡಾದ ಕ್ಲಾರ್ಕ್ ಮಿಲ್ಸ್ ರೂಪಿಸಿದ ‘ಆಪ್ಟಿಮಿಸ್ಟ್’ ದೋಣಿಯ ಉದ್ದ ಕೇವಲ 2.3 ಮೀಟರ್, ಅಗ್ಗದ ಪ್ಲೈವುಡ್‌ನಲ್ಲಿ ಮನೆಯಲ್ಲೇ ಕಟ್ಟಿಕೊಳ್ಳಲೆಂದು ಹುಟ್ಟಿದ್ದು ಅದು. ಅದಕ್ಕೂ ಒಂದೇ ಹಾಯಿ. ಟೋಕಿಯೊದಲ್ಲಿ 2021ರಲ್ಲಿ ನಡೆದ ಒಲಿಂಪಿಕ್ಸ್‌ನ ಹಾಯಿದೋಣಿ ಸ್ಪರ್ಧೆಗೆ ಅರ್ಹತೆ ಪಡೆದ ಮೊದಲ ಭಾರತೀಯ ಮಹಿಳೆ ನೇತ್ರಾ ಕುಮನನ್ ಇಳಿದದ್ದೂ ಒಂಟಿ ಹಾಯಿಯ ದೋಣಿಯಲ್ಲೇ.

ಗಂಗೊಳ್ಳಿ, ಹಂಗಾರಕಟ್ಟೆ, ತದಡಿಯಂಥ ಅಳಿವೆಗಳ ಒಳನೀರು ಇಂಥ ದೋಣಿಗೆ ಹೇಳಿ ಮಾಡಿಸಿದಂತಿದೆ. ಮಳೆಗಾಲ ಕಳೆದ ತಿಂಗಳುಗಳಲ್ಲಿ ಅಲ್ಲಿನ ಶಾಲೆಗಳ ಮಕ್ಕಳಿಗೆ ಹತ್ತಾರು ದೋಣಿ, ಕಡ್ಡಾಯವಾಗಿ ಜೀವರಕ್ಷಕ ಕವಚ, ಗುರುಗಳಾಗಿ ಗೌರವಧನ ಪಡೆಯುವ ಹಳೆಯ ದೋಣಿಗಾರರು: ಇಷ್ಟು ಸಾಕು. ದೊಡ್ಡ ಬಂದರು ಯೋಜನೆಗಳ ಲೆಕ್ಕದಲ್ಲಿ ಇದು ಚಿಲ್ಲರೆ ಹಣ. ಹಿಂತಿರುಗುವ ಹೊತ್ತು ಯಾವುದೆಂದು ತಿಳಿದ ಮಕ್ಕಳು ಕಡಲಿಗೂ ಬೇಕು, ನಗರಕ್ಕೂ ಬೇಕು.

ಈಗ ಗಾಳಿ ಎದ್ದಾಗಲೆಲ್ಲ ನನ್ನ ಮಗಳು ತಾರಸಿಗೆ ಓಡಿ, ‘ಅಜ್ಜಯ್ಯಾ, ಇವತ್ತು ಎಷ್ಟು ಹಾಯಿ?’ ಎಂದು ಕೇಳುತ್ತಾಳೆ. ಅವರು ಮುಖವನ್ನು ಗಾಳಿಗೊಡ್ಡಿ, ಕ್ಷಣಕಾಲ ಕಣ್ಣು ಮುಚ್ಚಿ, ಲೆಕ್ಕ ಹೇಳುತ್ತಾರೆ. ಅವಳು ಇನ್ನೂ ಕಡಲಿಗೆ ಇಳಿದಿಲ್ಲ.