ಗ್ರಹಣಿಯ ಕಾರಣವಿಚಾರ

ಮಾಗಡಿಯ ಸೀಮೆಯಲ್ಲಿ ಸಮುದ್ರಮಟ್ಟದಿಂದ ೧೨೨೬ ಮೀಟರು ಎತ್ತರಕ್ಕೆ ಎದ್ದು ನಿಂತಿರುವ ಸಾವನದುರ್ಗದ ಹೆಸರಿನ ವಿಷಯದಲ್ಲಿ ಎರಡು ಬಗೆಯ ತಿಳಿವಳಿಕೆಗಳುಂಟು. ಬೆಟ್ಟದ ಬುಡದಲ್ಲಿ ನೆಲಸಿರುವ ವೀರಭದ್ರಸ್ವಾಮಿಯನ್ನು ಜನರು ಸಾವಂದಿ ವೀರಭದ್ರನೆಂದೇ ಕರೆಯುತ್ತಾರೆ. ಸಾವಂದಿ ಎಂಬುದು ಆ ಸ್ಥಳದ ಹಳೆಯ ಹೆಸರು. ಹದಿನೆಂಟನೆಯ ಶತಮಾನದ ಇಂಗ್ಲಿಷರಾದರೋ ಆ ಹೆಸರಿನಲ್ಲಿ 'ಸಾವು' ಎಂಬ ಶಬ್ದವನ್ನು ಕಂಡು, ಇದನ್ನು ಮೃತ್ಯುವಿನ ಬೆಟ್ಟವೆಂದು ಅರ್ಥಮಾಡಿದರು. ಕೋಟೆಯ ಸುತ್ತಣ ದಟ್ಟವಾದ ಕಾಡಿನ ಗಾಳಿ ಮಾರಕವೆಂಬ ನಂಬಿಕೆ ಈ ಅರ್ಥಕ್ಕೆ ಬೆಂಬಲವಾಯಿತು. ೧೭೯೧ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಈ ದುರ್ಗವನ್ನು ಮುತ್ತಿದಾಗ, ಶತ್ರುಗಳಲ್ಲಿ ಅರ್ಧದಷ್ಟು ಜನ ರೋಗದಿಂದಲೂ ಉಳಿದರ್ಧ ಜನ ಕಾಳಗದಿಂದಲೂ ನಾಶವಾಗುವರೆಂದು ಟಿಪ್ಪು ಸುಲ್ತಾನನು ಎಣಿಸಿದ್ದನೆಂದು ಇಂಗ್ಲಿಷ್ ಇತಿಹಾಸಕಾರರು ಬರೆದಿದ್ದಾರೆ. ಅದೇ ತಿಂಗಳ ೨೧ನೆಯ ತಾರೀಖಿನಲ್ಲಿ ಕೋಟೆ ಬಿದ್ದುದರಿಂದ ಆ ಎಣಿಕೆ ನಿಜವಾಗಲಿಲ್ಲ. ಕಾಡುಸೀಮೆಯ ಚಳಿಜ್ವರಕ್ಕೆ ಸೊಳ್ಳೆಯೂ, ಅತಿಸಾರಕ್ಕೆ ಮಲಿನವಾದ ಅನ್ನಪಾನಗಳೂ ಕಾರಣವೆಂಬುದು ಸ್ಥಿರಪಟ್ಟದ್ದು ಅದಾದ ಮುಂದಿನ ಶತಮಾನದಲ್ಲಿ. ಹೆಸರಿನಲ್ಲಿಯೇ ಕಾರಣವನ್ನು ಕಂಡೆವೆಂದು ತಿಳಿಯುವುದು ಎಷ್ಟು ಸುಲಭವೆಂಬುದಕ್ಕೆ ಇದೊಂದು ನಿದರ್ಶನ. ಈಚಿನ ವೈದ್ಯದಲ್ಲಿ ಅಂಥ ತೊಡಕಿಗೆ ಎಡೆಗೊಟ್ಟಿರುವ ಒಂದು ವ್ಯಾಧಿಯನ್ನು ಇಲ್ಲಿ ಪರಿಶೀಲಿಸಬಹುದು.

ಇರಿಟಬಲ್ ಬವೆಲ್ ಸಿಂಡ್ರೋಮ್, ಎಂದರೆ ಕೆರಳುಕರುಳಿನ ಲಕ್ಷಣಸಮೂಹ, ಎಂಬುದೇ ಆ ವ್ಯಾಧಿ. ಈ ಹೆಸರು ೧೯೪೪ರಷ್ಟು ಹಿಂದೆಯೇ ವೈದ್ಯಗ್ರಂಥಗಳಲ್ಲಿ ಕಾಣುತ್ತದೆ. ೨೦೧೬ರಲ್ಲಿ ಪ್ರಕಟವಾದ ರೋಮ್ ನಿಯಮಗಳ ನಾಲ್ಕನೆಯ ಪಾಠದ ಪ್ರಕಾರ, ಕಳೆದ ಮೂರು ತಿಂಗಳಲ್ಲಿ ವಾರಕ್ಕೆ ಒಂದು ದಿನವಾದರೂ ಹೊಟ್ಟೆನೋವಿರಬೇಕು. ಆ ನೋವಿಗೆ ಮಲವಿಸರ್ಜನೆಯ ಸಂಬಂಧ, ವಿಸರ್ಜನೆಯ ಸಂಖ್ಯೆಯಲ್ಲಿ ವ್ಯತ್ಯಾಸ, ಮಲದ ರೂಪದಲ್ಲಿ ವ್ಯತ್ಯಾಸ ಎಂಬ ಮೂರರಲ್ಲಿ ಎರಡಾದರೂ ಕೂಡಿರಬೇಕು. ಬೇನೆ ಮೊದಲಾಗಿ ಆರು ತಿಂಗಳಾದರೂ ಆಗಿರಬೇಕು. ರಕ್ತವನ್ನು ಪರೀಕ್ಷಿಸಿದರೂ ಕರುಳಿನೊಳಕ್ಕೆ ಕೊಳವೆಯಿಳಿಸಿ ನೋಡಿದರೂ ಹುಣ್ಣಾಗಲಿ ಗಂಟಾಗಲಿ ಕಾಣುವುದಿಲ್ಲ. ಹೀಗಿರಲು, ಎಲ್ಲ ಪರೀಕ್ಷೆಗಳನ್ನೂ ಮುಗಿಸಿದ ರೋಗಿ 'ನಿಮಗೇನೂ ಇಲ್ಲ, ಎಲ್ಲವೂ ಮನಸ್ಸಿನದು' ಎಂಬ ಮಾತನ್ನು ಕೇಳಿ ಮನೆಗೆ ಮರಳುವುದುಂಟು. ಕರುಳು ಕೆರಳಿದೆಯೆಂದು ಹೆಸರು ಹೇಳುತ್ತದೆ. ಕೆರಳಿಸಿದುದು ಯಾವುದೆಂದು ಹೇಳುವುದಿಲ್ಲ.

ನಮ್ಮ ಪ್ರಾಚೀನ ವೈದ್ಯರು ಇದಕ್ಕೆ ಹತ್ತಿರವಾದ ವ್ಯಾಧಿಯನ್ನು ಗ್ರಹಣಿಯೆಂದು ಕರೆದರು. ಗ್ರಹಣಿಯೆಂದರೆ ಹಿಡಿದುಕೊಳ್ಳುವುದು. ನಾಭಿಯ ಮೇಲ್ಗಡೆಯಲ್ಲಿದ್ದು, ಅಪಕ್ವವಾದ ಅನ್ನವನ್ನು ತಡೆದು ಹಿಡಿದು, ಪಕ್ವವಾದುದನ್ನು ಕೆಳಕ್ಕೆ ಬಿಡುವ ಅಂಗಕ್ಕೆ ಆ ಹೆಸರು. ಅದರ ದೋಷಕ್ಕೂ ಅದೇ ಹೆಸರು ರೂಢಿಯಾಯಿತು. ಒಮ್ಮೆ ಕಟ್ಟಿ, ಒಮ್ಮೆ ನೀರಾಗಿ, ನೋವಿನೊಡನೆ ಮತ್ತೆ ಮತ್ತೆ ಹೊರಡುವ ಮಲ ಅದರ ಲಕ್ಷಣ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಹದಿನೈದನೆಯ ಅಧ್ಯಾಯ ಇದಕ್ಕೆ ಮೀಸಲಾಗಿದೆ.

ಕಾರಣವಿಚಾರಕ್ಕೆ ಮುಖ್ಯವಾದ ಎರಡು ಮಾತುಗಳು ಸಂಹಿತೆಗಳಲ್ಲಿವೆ. ಮೊದಲನೆಯದು ಸುಶ್ರುತನದು. ಅವನು ಉತ್ತರತಂತ್ರದಲ್ಲಿ ಅತಿಸಾರವನ್ನು ವಿವರಿಸಿ, ಅದರ ಬೆನ್ನಿಗೇ ಗ್ರಹಣಿಯನ್ನು ಹೇಳುತ್ತಾನೆ: ಅತಿಸಾರ ನಿಂತ ಮೇಲೂ ಅಗ್ನಿ ಮಂದವಾಗಿರುವಾಗ ಅಹಿತವಾದುದನ್ನು ತಿಂದವನಿಗೆ ಅಗ್ನಿ ಮತ್ತಷ್ಟು ಕೆಟ್ಟು ಗ್ರಹಣಿ ದೂಷಿತವಾಗುತ್ತದೆಂಬುದು ಅವನ ಅಭಿಪ್ರಾಯ. ಎರಡನೆಯದು ಚರಕನದು. ಚಿಂತೆ, ಶೋಕ, ಭಯ, ಕ್ರೋಧ, ನಿದ್ರೆಗೇಡು ಇವುಗಳಿಂದ ಪಥ್ಯವಾದ ಅನ್ನವೂ, ಅದನ್ನು ಮಿತವಾಗಿ ಉಂಡರೂ, ಜೀರ್ಣವಾಗದೆಂದು ವಿಮಾನಸ್ಥಾನದಲ್ಲಿ ಅವನು ಹೇಳುತ್ತಾನೆ. ಅತಿಸಾರದ ಆರು ಭೇದಗಳಲ್ಲಿ ಭಯದಿಂದ ಹುಟ್ಟಿದುದನ್ನೂ ಶೋಕದಿಂದ ಹುಟ್ಟಿದುದನ್ನೂ ಬೇರೆಯಾಗಿ ಎಣಿಸುತ್ತಾನೆ. ಒಂದು ಮಾತು ಹಳೆಯ ರೋಗವೊಂದರ ಶೇಷವನ್ನು ಕಾರಣವಾಗಿ ಹಿಡಿದರೆ, ಇನ್ನೊಂದು ಮನಸ್ಸಿನ ಕ್ಷೋಭೆಯನ್ನು ಹಿಡಿಯುತ್ತದೆ.

ಈಚಿನ ಶೋಧನೆ ಮೊದಲನೆಯ ಮಾತಿಗೆ ಅನಿರೀಕ್ಷಿತವಾದ ರೀತಿಯಲ್ಲಿ ಬೆಳಕು ಚೆಲ್ಲಿದೆ. ೧೯೬೨ರಲ್ಲಿ ಆಕ್ಸ್‌ಫರ್ಡಿನ ಚೌಧರಿ ಮತ್ತು ಟ್ರೂಲವ್ ಎಂಬ ವೈದ್ಯರು ೧೩೦ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದಾಗ, ಅವರಲ್ಲಿ ಸುಮಾರು ಕಾಲುಭಾಗದವರ ಬೇನೆ ಆಮಶಂಕೆಯಂತಹ ಸೋಂಕಿನಿಂದ ಮೊದಲಾಗಿತ್ತೆಂಬುದು ಹೊರಬಿದ್ದಿತು. ೨೦೦೦ನೆಯ ಇಸವಿಯ ಮೇ ತಿಂಗಳಲ್ಲಿ ಕೆನಡಾ ದೇಶದ ವಾಕರ್ಟನ್ ಎಂಬ ಪಟ್ಟಣದ ಕುಡಿಯುವ ನೀರು ದನದ ಗೊಬ್ಬರದ ಸೋಂಕಿನಿಂದ ಕೆಟ್ಟು, ೨೩೦೦ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು; ಏಳು ಮಂದಿ ಮೃತರಾದರು. ಎರಡು ಮೂರು ವರ್ಷಗಳ ತರುವಾಯ ಅಲ್ಲಿನ ನಿವಾಸಿಗಳನ್ನು ಪರೀಕ್ಷಿಸಲಾಗಿ, ಸೋಂಕಿಗೆ ಸಿಕ್ಕದವರಲ್ಲಿ ನೂರಕ್ಕೆ ಹತ್ತು ಮಂದಿಗೂ, ಸೋಂಕು ಸ್ಪಷ್ಟವಾಗಿ ತಗುಲಿದ್ದವರಲ್ಲಿ ನೂರಕ್ಕೆ ಮೂವತ್ತಾರು ಮಂದಿಗೂ ಕೆರಳುಕರುಳಿನ ಲಕ್ಷಣಗಳು ಕಂಡುಬಂದುವು. ೨೦೧೭ರಲ್ಲಿ ಇಂಥ ೪೫ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು, ಕರುಳಿನ ಸೋಂಕಿಗೆ ಒಳಗಾದವರಲ್ಲಿ ಸುಮಾರು ಹತ್ತರಲ್ಲೊಬ್ಬರಿಗೆ ಈ ಬೇನೆ ಹತ್ತುವುದೆಂದು ನಿರ್ಣಯಿಸಿದರು. ಅತಿಸಾರ ನಿಂತಿತು, ರೋಗ ನಿಲ್ಲಲಿಲ್ಲವೆಂಬ ಹಳೆಯ ಅವಲೋಕನ ಲೆಕ್ಕಕ್ಕೆ ಸಿಕ್ಕಿದುದು ಹೀಗೆ.

ಸೋಂಕು ತೊಲಗಿದ ಮೇಲೆ ಉಳಿಯುವುದು ಏನು? ೧೯೭೩ರಲ್ಲಿ ರಿಚಿ ಎಂಬಾತನು ರೋಗಿಗಳ ದೊಡ್ಡಕರುಳಿನಲ್ಲಿ ಸಣ್ಣ ಚೀಲವೊಂದನ್ನಿರಿಸಿ ಗಾಳಿ ತುಂಬಿ ನೋಡಿದನು. ೬೦ ಮಿಲಿಲೀಟರು ತುಂಬಿದಾಗ ಆರೋಗ್ಯವಂತರಲ್ಲಿ ನೂರಕ್ಕೆ ಆರು ಮಂದಿಗೆ ನೋವಾದರೆ, ರೋಗಿಗಳಲ್ಲಿ ನೂರಕ್ಕೆ ಐವತ್ತೈದು ಮಂದಿಗೆ ನೋವಾಯಿತು. ಇತರರಿಗೆ ಅರಿವಿಗೇ ಬಾರದ ಹಿಗ್ಗುವಿಕೆ ಇವರಿಗೆ ಬೇನೆಯಾಗುತ್ತದೆಂದಾಯಿತು. ೨೦೦೪ರಲ್ಲಿ ಇಟಲಿಯ ಬೊಲೋನ್ಯದ ವೈದ್ಯರು, ಉರಿಯೂತವನ್ನು ಹುಟ್ಟಿಸುವ ಮಾಸ್ಟ್ ಕಣಗಳು ರೋಗಿಗಳ ಕರುಳಿನಲ್ಲಿ ನರತಂತುಗಳಿಗೆ ಅಂಟಿಕೊಂಡಂತೆ ನೆಲಸಿರುವುದನ್ನೂ, ಅವು ಹತ್ತಿರವಾದಷ್ಟೂ ನೋವು ಹೆಚ್ಚುವುದನ್ನೂ ತೋರಿಸಿದರು. ೨೦೨೧ರಲ್ಲಿ ಬೆಲ್ಜಿಯಮ್ಮಿನ ಲ್ಯೂವೆನ್ ನಗರದ ಸಂಶೋಧಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಇಲಿಗಳಿಗೆ ಕರುಳಿನ ಸೋಂಕು ತಗುಲಿರುವಾಗಲೇ ಒಂದು ಬಗೆಯ ಆಹಾರಾಂಶವನ್ನು ಕೊಟ್ಟರು. ಸೋಂಕು ಮಾಯವಾದ ಎಷ್ಟೋ ದಿನಗಳ ಮೇಲೆ ಅದೇ ಆಹಾರವನ್ನು ಮತ್ತೆ ಕೊಡಲು, ಕರುಳು ಅದನ್ನು ಶತ್ರುವೆಂದು ಗುರುತಿಸಿ ಕೆರಳಿತು. ಸೋಂಕಿಲ್ಲದೆ ಅದನ್ನು ತಿಂದಿದ್ದ ಇಲಿಗಳಿಗೆ ಏನೂ ಆಗಲಿಲ್ಲ. ಹನ್ನೆರಡು ಮಂದಿ ರೋಗಿಗಳ ಕರುಳಿನ ಒಳಪೊರೆಗೆ ಗೋಧಿ, ಹಾಲು, ಸೋಯಾ ಮೊದಲಾದುವುಗಳ ಸಾರವನ್ನು ಮುಟ್ಟಿಸಿದಾಗ ಎಲ್ಲರಲ್ಲಿಯೂ ಒಂದಲ್ಲ ಒಂದಕ್ಕೆ ಅಂತಹುದೇ ಪ್ರತಿಕ್ರಿಯೆ ಕಂಡಿತು. ಸಂಖ್ಯೆ ಅಲ್ಪವೆಂಬುದನ್ನು ಮರೆಯಲಾಗದು. ಆದರೂ ಅತಿಸಾರದ ಕಾಲದ ಆಹಾರಕ್ಕೆ ಪ್ರಾಚೀನರು ಕೊಟ್ಟ ಮಹತ್ವ ವ್ಯರ್ಥವಾದುದಲ್ಲವೆಂದು ಇದರಿಂದ ಊಹಿಸಲು ಅವಕಾಶವಿದೆ.

ಮನಸ್ಸಿನ ಪಾತ್ರವೂ ಇದರೊಡನೆಯೇ ಸ್ಪಷ್ಟವಾಗಿದೆ. ೧೯೯೯ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಿಂದ ಪ್ರಕಟವಾದ ಪರಿಶೋಧನೆಯಲ್ಲಿ, ಸೋಂಕಿನಿಂದ ಆಸ್ಪತ್ರೆ ಸೇರಿದವರ ಪೈಕಿ ಆ ಮೊದಲೇ ಆತಂಕ ಮತ್ತು ಬಾಳಿನ ಕಷ್ಟಗಳಿಗೆ ಸಿಕ್ಕಿದ್ದವರಿಗೆ ಬೇನೆ ಉಳಿದುಕೊಳ್ಳುವ ಸಂಭವ ಹೆಚ್ಚೆಂದು ಕಂಡುಬಂದಿತು. ಅಷ್ಟೇ ಅಲ್ಲದೆ, ಹಾಗೆ ಉಳಿದವರ ಕರುಳಿನ ಪೊರೆಯಲ್ಲಿ ಉರಿಯೂತದ ಕಣಗಳೂ ಉಳಿದಿದ್ದುವು. ಕರುಳಿನ ಗೋಡೆಯಲ್ಲಿ ಹತ್ತು ಕೋಟಿಗೂ ಮೇಲ್ಪಟ್ಟು ನರಕೋಶಗಳಿದ್ದು, ಅವು ಮೆದುಳಿನೊಡನೆ ಎಡೆಬಿಡದೆ ಸಂದೇಶಗಳನ್ನು ವಿನಿಮಯ ಮಾಡಿಕೊಳ್ಳುತ್ತಿರುವುವು. ಆದುದರಿಂದ ದುಃಖ ಕರುಳನ್ನು ಕೆಡಿಸುವುದೂ, ಕೆಟ್ಟ ಕರುಳು ಮನಸ್ಸನ್ನು ಕುಗ್ಗಿಸುವುದೂ ಎರಡೂ ದೇಹದಲ್ಲಿಯೇ ನಡೆಯುವ ವ್ಯಾಪಾರಗಳು. ರೋಗಿಯ ನೋವನ್ನು ಭ್ರಮೆಯೆಂದು ತಳ್ಳಿಹಾಕುವುದಕ್ಕೆ ಇಲ್ಲಿ ಆಧಾರವಿಲ್ಲ.

ಹೀಗೆ ಹಲವು ಕಾರಣಗಳು ಎದುರಾದಾಗ ಅವುಗಳನ್ನು ಅಂತಸ್ತಿಗನುಸಾರವಾಗಿ ವಿಂಗಡಿಸಿಕೊಳ್ಳದಿದ್ದರೆ ಗೊಂದಲವಾಗುವುದು ಸಹಜ. ಈ ಕೆಲಸಕ್ಕೆ ಮಾಧವನಿದಾನದ ಮಧುಕೋಶವ್ಯಾಖ್ಯೆಯಲ್ಲಿ ಹೇಳಿರುವ ಹೇತುವಿಭಾಗ ಬಹಳ ಉಪಯುಕ್ತವಾಗಿದೆ. ಅಲ್ಲಿ ಹೇತು ನಾಲ್ಕು ತೆರ: ಸನ್ನಿಕೃಷ್ಟ, ವಿಪ್ರಕೃಷ್ಟ, ವ್ಯಭಿಚಾರಿ, ಪ್ರಾಧಾನಿಕ. ಹತ್ತಿರದ್ದು ಸನ್ನಿಕೃಷ್ಟ; ಹಿಂದೆ ಸಂಚಿತವಾಗಿ ಕಾಲಾಂತರದಲ್ಲಿ ರೋಗವಾಗುವುದು ವಿಪ್ರಕೃಷ್ಟ; ದುರ್ಬಲವಾದುದರಿಂದ ತಾನಾಗಿ ರೋಗವನ್ನು ಹುಟ್ಟಿಸಲಾರದ್ದು ವ್ಯಭಿಚಾರಿ; ವಿಷದಂತೆ ಪ್ರಬಲವಾದುದು ಪ್ರಾಧಾನಿಕ. ಅಲಂಕಾರಶಾಸ್ತ್ರದ ವ್ಯಭಿಚಾರಿಭಾವವನ್ನು ಬಲ್ಲವರಿಗೆ ಈ ಶಬ್ದ ಹೊಸದಲ್ಲ. ವೈದ್ಯದಲ್ಲಿ ಮಾತ್ರ ಅರ್ಥ ಬೇರೆ. ಇದನ್ನು ಪ್ರಕೃತ ವಿಷಯಕ್ಕೆ ಅನ್ವಯಿಸಿದರೆ, ವರ್ಷಗಳ ಹಿಂದಿನ ಸೋಂಕು ವಿಪ್ರಕೃಷ್ಟ ಹೇತುವಾಗುತ್ತದೆ. ಇಂದಿನ ಊಟವೂ ಇಂದಿನ ಚಿಂತೆಯೂ ಸನ್ನಿಕೃಷ್ಟ ಹೇತುಗಳಾಗುತ್ತವೆ. ಅದೇ ಊಟ ಪಕ್ಕದ ಎಲೆಯವನಲ್ಲಿ ಯಾವ ಬೇನೆಯನ್ನೂ ಹುಟ್ಟಿಸದಿದ್ದರೆ ಅವನ ಪಾಲಿಗೆ ಅದು ವ್ಯಭಿಚಾರಿ.

ಮಾಗಡಿಯ ಸೀಮೆಯ ಅವರೆಕಾಯಿ ಇದಕ್ಕೆ ಒಳ್ಳೆಯ ಉದಾಹರಣೆ. ಅವರೆಯೇ ಮೊದಲಾದ ದ್ವಿದಳಗಳಲ್ಲಿ ನಮ್ಮ ಸಣ್ಣಕರುಳು ಜೀರ್ಣಿಸಲಾರದ ಕೆಲವು ಸಕ್ಕರೆಗಳಿವೆ. ದೊಡ್ಡಕರುಳಿನ ಸೂಕ್ಷ್ಮಜೀವಿಗಳು ಅವನ್ನು ಹುಳಿಸುವುದರಿಂದ ವಾಯು ಹುಟ್ಟುತ್ತದೆ. ಆರೋಗ್ಯವಂತನಿಗೆ ಅದು ಹಾಸ್ಯದ ವಿಷಯ. ಸೂಕ್ಷ್ಮವಾದ ಕರುಳುಳ್ಳವನಿಗೆ ಶೂಲೆ. ಇಂಥ ಹುಳಿಯುವ ಸಕ್ಕರೆಗಳನ್ನು ಒಟ್ಟಾಗಿ ಫಾಡ್‌ಮ್ಯಾಪ್ ಎಂದು ಹೆಸರಿಸಿದವರು ೨೦೦೫ರಲ್ಲಿ ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾನಿಲಯದ ಸಂಶೋಧಕರು. ಕಾಳನ್ನು ನೆನೆಸಿ ಆ ನೀರನ್ನು ಚೆಲ್ಲಿದರೆ ಇವುಗಳಲ್ಲಿ ಒಂದು ಭಾಗ ಕಳೆದುಹೋಗುತ್ತದೆ. ಅವರೆಯನ್ನು ಬಿಟ್ಟವನಿಗೆ ನೋವು ತಗ್ಗಬಹುದು. ಅದರಿಂದ ಅವರೆಯೇ ರೋಗದ ಮೂಲವೆಂದು ಸಿದ್ಧವಾಗುವುದಿಲ್ಲ.

ಔಷಧದ ವಿಷಯದಲ್ಲಿಯೂ ಈ ವಿವೇಚನೆ ಅಗತ್ಯ. ೧೯೯೦ರ ದಶಕದಲ್ಲಿ ಕರ್ನಾಟಕದ ಅರಣ್ಯ ಇಲಾಖೆ ಔಷಧಸಸ್ಯಗಳ ರಕ್ಷಣೆಗಾಗಿ ಗುರುತಿಸಿದ ಕಾಡುಗಳಲ್ಲಿ ಸಾವನದುರ್ಗವೂ ಒಂದು. ಮೃತ್ಯುವಿನ ಬೆಟ್ಟವೆನಿಸಿಕೊಂಡ ಸ್ಥಳಕ್ಕೆ ಇದು ಉಚಿತವಾದ ಪರಿಹಾರವೇ ಸರಿ. ಅತಿಸಾರ ಗ್ರಹಣಿಗಳಿಗೆ ಹಳೆಯ ವೈದ್ಯರು ಬಿಲ್ವದ ಎಳೆಗಾಯಿಯನ್ನೂ, ಕುಟಜವೆಂಬ ಕೊಡಸಿಗೆಯ ತೊಗಟೆಯನ್ನೂ ಬಳಸುತ್ತಿದ್ದರು. ಕೊಡಸಿಗೆಯಲ್ಲಿರುವ ಕೊನೆಸ್ಸೀನ್ ಎಂಬ ಸಾರ ಅಮೀಬವೆಂಬ ಜೀವಿಯ ಮೇಲೆ ಕೆಲಸಮಾಡುವುದು. ಅಮೀಬ ಇರುವವರೆಗೆ ಅದಕ್ಕೆ ಅರ್ಥವುಂಟು. ಅದು ಹೋದ ಮೇಲೆ ನರಗಳಲ್ಲಿ ಉಳಿದ ಸೂಕ್ಷ್ಮತೆಗೆ ಬೇರೆ ಚಿಕಿತ್ಸೆ ಬೇಕಾಗುತ್ತದೆ.

ಕಡೆಯದಾಗಿ, ಗ್ರಹಣಿಯೂ ಕೆರಳುಕರುಳೂ ಒಂದೇ ಎಂದು ಸಮೀಕರಿಸಿಬಿಡುವುದು ಯುಕ್ತವಲ್ಲ. ಗ್ರಹಣಿಯ ವ್ಯಾಪ್ತಿ ದೊಡ್ಡದು. ೧೯೬೦ರ ದಶಕದಲ್ಲಿ ವೆಲ್ಲೂರಿನ ಸುತ್ತಣ ಹಳ್ಳಿಗಳಲ್ಲಿ ಹಬ್ಬಿದ, ಅನ್ನದ ಸಾರವನ್ನೇ ಹೀರಲಾರದೆ ದೇಹ ಸೊರಗುವ ಸ್ಪ್ರೂ ಎಂಬ ರೋಗವನ್ನೂ ಹಳೆಯ ವೈದ್ಯನು ಗ್ರಹಣಿಯೆಂದೇ ಕರೆಯುತ್ತಿದ್ದನು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕದ ಇಳಿತ, ರಕ್ತಹೀನತೆ, ಜ್ವರ, ನಿದ್ದೆಯಿಂದ ಎಬ್ಬಿಸುವ ಭೇದಿ ಇವು ಕಂಡಲ್ಲಿ ಕೆರಳುಕರುಳೆಂದು ಸುಮ್ಮನಿರುವುದು ಅಪಾಯಕರ. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕದಿಂದ ಮೊದಲುಗೊಂಡು ಕನ್ನಡದ ವೈದ್ಯಗ್ರಂಥಗಳನ್ನು ಓದಿಸುವವರೂ ಅವಕ್ಕೆ ಅರ್ಥಕೋಶವನ್ನು ಹೊಂದಿಸುವವರೂ ಗ್ರಹಣಿ ಎಂಬ ಪದದ ಎದುರಿಗೆ ಒಂದೇ ಆಧುನಿಕ ನಾಮವನ್ನು ಬರೆಯದೆ, ಆಯಾ ಸಂದರ್ಭದ ಲಕ್ಷಣಗಳನ್ನು ನೋಡಿ ಅರ್ಥಮಾಡುವುದು ಲೇಸು. ಪ್ರಾಚೀನರಿಂದ ಇಂದಿನ ರೋಗಿಗೆ ಸಲ್ಲುವ ಲಾಭ ಆ ಹೆಸರಿಗಿಂತ ಹೆಚ್ಚಾಗಿ ಅವರ ಪ್ರಶ್ನೆಯ ಕ್ರಮದಲ್ಲಿದೆ: ಈ ಬೇನೆಗೆ ಮುಂಚೆ ಯಾವ ರೋಗ ಬಂದಿತ್ತು, ಆಗ ಏನನ್ನು ಉಂಡನು, ಯಾವ ದುಃಖದಲ್ಲಿದ್ದನು? ಈ ಮೂರನ್ನು ಕೇಳಿದ ವೈದ್ಯನು 'ನಿಮಗೇನೂ ಇಲ್ಲ' ಎಂದು ಹೇಳಲಾರನು.