ಕೋಳಿಮಾಂಸವೂ ಅಡಿಗೆಮನೆಯ ಶೌಚವೂ

ಕೋಳಿಯ ಸಾರನ್ನು ಮಾಡುವ ಕ್ರಮವನ್ನು ತಿಳಿಸುವುದು ಈ ಲೇಖನದ ಉದ್ದೇಶವಲ್ಲ. ಅದನ್ನು ನಮಗಿಂತ ಚೆನ್ನಾಗಿ ಬಲ್ಲ ಗೃಹಿಣಿಯರು ಮನೆಮನೆಯಲ್ಲಿಯೂ ಇರುವರು. ಅಂಗಡಿಯಿಂದ ತಂದ ಮಾಂಸವು ಒಲೆಯನ್ನು ಏರುವುದಕ್ಕೆ ಮುಂಚೆಯೂ, ಉಂಡು ಮಿಕ್ಕ ಸಾರು ಒಲೆಯಿಂದ ಇಳಿದಮೇಲೆಯೂ ನಡೆಯತಕ್ಕ ಸಂಗತಿಗಳನ್ನು ಕುರಿತು ಮಾತ್ರ ನಾವು ಇಲ್ಲಿ ನಾಲ್ಕು ಮಾತುಗಳನ್ನು ಹೇಳಬೇಕೆಂದಿರುವೆವು. ಆರೋಗ್ಯಕ್ಕೆ ಕೇಡು ಬರುವುದು ಬಹುಮಟ್ಟಿಗೆ ಈ ಎರಡು ವೇಳೆಗಳಲ್ಲಿಯೇ.

ಕುಕ್ಕುಟಮಾಂಸವು ಬಲಕರವೆಂದು ಚರಕಸಂಹಿತೆಯಲ್ಲಿಯೇ ಹೇಳಿದೆ. ಆದರೆ ಆರೋಗ್ಯವಾಗಿರುವ ಕೋಳಿಯ ಕರುಳಿನಲ್ಲಿಯೂ ಸಾಲ್ಮೊನೆಲ್ಲ, ಕ್ಯಾಂಪಿಲೊಬ್ಯಾಕ್ಟರ್ ಎಂಬ ಸೂಕ್ಷ್ಮಜೀವಿಗಳು ವಾಸಿಸುವುದುಂಟು. ಕೊಯ್ದು ಶುದ್ಧಮಾಡುವಾಗ ಅವು ಮಾಂಸಕ್ಕೆ ಅಂಟಿಕೊಳ್ಳುವುವು. ಕೋಳಿಗೆ ಅವುಗಳಿಂದ ಸಾಮಾನ್ಯವಾಗಿ ಬಾಧೆಯಿಲ್ಲ; ಮನುಷ್ಯನ ಹೊಟ್ಟೆಯನ್ನು ಸೇರಿದರೆ ಜ್ವರ, ಹೊಟ್ಟೆನೋವು, ಭೇದಿಗಳು ತಪ್ಪಿದುವಲ್ಲ. (ಶಬ್ದಗಳ ಮೂಲವನ್ನು ಹುಡುಕುವ ಚಾಪಲ್ಯವುಳ್ಳ ನಾವು ಮೊದಲನೆಯ ಹೆಸರು ಸಾಲ್ಮನ್ ಎಂಬ ಮೀನಿನಿಂದ ಬಂದಿರಬೇಕೆಂದು ಎಣಿಸಿದ್ದೆವು. ಹಾಗಲ್ಲ; ಅದು ಡೇನಿಯಲ್ ಸಾಲ್ಮನ್ ಎಂಬ ಅಮೆರಿಕದ ಪಶುವೈದ್ಯರ ಹೆಸರು. ಅವರ ಕೈಕೆಳಗಿದ್ದ ಥಿಯೊಬಾಲ್ಡ್ ಸ್ಮಿತ್ ಎಂಬವರು ೧೮೮೫ರಲ್ಲಿ ಇದನ್ನು ಕಂಡುಹಿಡಿದರು.)

ನಮ್ಮ ಅಡಿಗೆಯಲ್ಲಿ ಒಂದು ದೊಡ್ಡ ಅನುಕೂಲವುಂಟು. ಮಾಂಸದ ಒಳಭಾಗದ ಕಾವು ೭೪ ಡಿಗ್ರಿ ಸೆಂಟಿಗ್ರೇಡಿಗೆ ಏರಿದರೆ ಈ ಜೀವಿಗಳು ಸಾಯುವುವು. ನಮ್ಮ ಸಾರಾದರೋ ಚೆನ್ನಾಗಿ ಕುದಿಯದೆ ಒಲೆಯಿಂದ ಇಳಿಯುವುದಿಲ್ಲ. ನಾಟಿಕೋಳಿಯಾದರೆ ಇನ್ನೂ ಹೆಚ್ಚು ಹೊತ್ತು. ಆದುದರಿಂದ ಪಾತ್ರೆಯೊಳಗೆ ಕುದಿಯುತ್ತಿರುವ ಕೋಳಿಗೆ ನಾವು ಹೆದರಬೇಕಾದುದಿಲ್ಲ. ಹೆದರಬೇಕಾದುದು ಬೆಂಕಿಯನ್ನೇ ಕಾಣದೆ ಎಲೆಗೆ ಬರುವ ಸೌತೆಕಾಯಿಗೆ, ಈರುಳ್ಳಿಯ ಹೋಳಿಗೆ, ನಿಂಬೆಹಣ್ಣಿಗೆ, ಮೇಲೆ ಉದುರಿಸುವ ಕೊತ್ತಂಬರಿ ಸೊಪ್ಪಿಗೆ. ನಮಗೆ ಪರಿಚಿತವಾದ ಒಂದು ಮನೆಯಲ್ಲಿ ಹೊಸತೊಡಕಿನ ಊಟವಾದ ಎರಡು ದಿನಗಳೊಳಗೆ ಇಬ್ಬರಿಗೆ ಭೇದಿ ಹಿಡಿಯಿತು. ಒಬ್ಬರು ಮಾಂಸವನ್ನು ಬಿಟ್ಟು ಬಹುಕಾಲವಾಗಿದ್ದ ಅಜ್ಜಿ. ಇನ್ನೊಂದು ನಾಲ್ಕು ವರ್ಷದ ಮಗು. ಸಾರನ್ನು ಹೊಟ್ಟೆತುಂಬ ಉಂಡವರೆಲ್ಲ ಗಟ್ಟಿಮುಟ್ಟಾಗಿದ್ದರು! ವಿಚಾರಿಸಲಾಗಿ, ಕೋಳಿಯನ್ನು ಕೊಚ್ಚಿದ ಮಣೆಯನ್ನು ಬಟ್ಟೆಯಿಂದ ಒರಸಿ ಅದರ ಮೇಲೆಯೇ ಸೌತೆಕಾಯಿಯನ್ನು ಹೆಚ್ಚಿದ್ದರೆಂದೂ, ಆ ಮೊಸರುಪಚಡಿಯನ್ನು ಮುಟ್ಟಿದವರು ಅವರಿಬ್ಬರೇ ಎಂದೂ ತಿಳಿಯಿತು. ವೈದ್ಯರ ಸಂದೇಹವೂ ಅದರ ಮೇಲೆಯೇ ಇದ್ದಿತು. ಮಗು ಬೇಗ ಚೇತರಿಸಿಕೊಂಡಿತು. ಅಜ್ಜಿಯನ್ನು ಮೂರು ದಿನ ಆಸ್ಪತ್ರೆಯಲ್ಲಿ ಇರಿಸಬೇಕಾಯಿತು.

ಅನ್ನ ಮುಟ್ಟಿದ ಕೈಯಿಂದ ಮೊಸರಿನ ಗಡಿಗೆಯನ್ನಾಗಲಿ ಉಪ್ಪಿನಕಾಯಿಯ ಭರಣಿಯನ್ನಾಗಲಿ ಮುಟ್ಟಕೂಡದೆಂಬ ಮುಸುರೆಯ ನಿಯಮವು ನಮ್ಮ ಎಷ್ಟೋ ಮನೆಗಳಲ್ಲಿ ಇಂದಿಗೂ ಉಂಟಷ್ಟೆ. ಹಸಿಮಾಂಸ ಮುಟ್ಟಿದ ಕೈಯನ್ನೂ ಹಾಗೆಯೇ ಎಣಿಸಿದರೆ ಸಾಕು. ಬೇರೆ ಶಾಸ್ತ್ರವೇ ಬೇಡ. ಆ ಕೈಯಿಂದ ಉಪ್ಪಿನ ಡಬ್ಬಿಯನ್ನು ತೆರೆಯಬಾರದು, ನಲ್ಲಿಯನ್ನು ತಿರುಗಿಸಬಾರದು, ಮೊಬೈಲನ್ನಂತೂ ಎತ್ತಿಕೊಳ್ಳಲೇ ಬಾರದು. ಸಾಬೂನಿನಿಂದ ಇಪ್ಪತ್ತು ಸೆಕೆಂಡು ಉಜ್ಜಿ ತೊಳೆದ ಮೇಲೆಯೇ ಮುಂದಿನ ಕೆಲಸ. ಮಾಂಸಕ್ಕೆ ಬೇರೆ ಮಣೆ, ಬೇರೆ ಚಾಕು ಇದ್ದರೆ ಉತ್ತಮ. ಇಲ್ಲದವರು ಹಸಿಯಾಗಿ ತಿನ್ನತಕ್ಕದ್ದನ್ನೆಲ್ಲ ಮೊದಲೇ ಹೆಚ್ಚಿ ಮುಚ್ಚಿಟ್ಟು, ಮಾಂಸವನ್ನು ಕಡೆಗೆ ಮುಟ್ಟಲಿ. ಖರ್ಚಿಲ್ಲದ ಉಪಾಯವಿದು.

ತೊಳೆಯುವ ವಿಷಯದಲ್ಲಿ ಅತ್ತೆ ಸೊಸೆಯರಿಗೆ ಭೇದಾಭಿಪ್ರಾಯವುಂಟು. ಹಸಿಕೋಳಿಯನ್ನು ತೊಳೆಯಲೇಬಾರದೆಂದು ಬ್ರಿಟನ್ನಿನ ಆಹಾರ ಇಲಾಖೆಯವರು ೨೦೧೪ರಲ್ಲಿ ಪ್ರಚಾರಮಾಡಿದರು. ನಲ್ಲಿಯ ಕೆಳಗೆ ಹಿಡಿದರೆ ಹನಿಗಳು ಸುತ್ತಲೂ ಸಿಡಿಯುವುವೆಂಬುದೇ ಕಾರಣ. ಅಮೆರಿಕದ ಕೃಷಿ ಇಲಾಖೆಯವರು ೨೦೧೯ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ಗುರುತಿಗಾಗಿ ಮಾಂಸಕ್ಕೆ ಸೇರಿಸಿದ್ದ ನಿರಪಾಯವಾದ ಸೂಕ್ಷ್ಮಜೀವಿಯು, ತೊಳೆದವರಲ್ಲಿ ನೂರಕ್ಕೆ ೬೦ ಮಂದಿಯ ಸಿಂಕಿನಲ್ಲಿಯೂ ೨೬ ಮಂದಿಯ ಹಸಿಸೊಪ್ಪಿನಲ್ಲಿಯೂ ಕಂಡುಬಂದಿತು. ತೊಳೆಯದವರ ಸೊಪ್ಪಿನಲ್ಲಿಯೋ? ನೂರಕ್ಕೆ ೩೧! ತೊಳೆಯದೆ ಬಿಟ್ಟಮಾತ್ರಕ್ಕೆ ಶುದ್ಧಿಯಾಗಲಿಲ್ಲ, ಕೈಯೇ ಅಪರಾಧಿ. ನಮ್ಮ ಅಂಗಡಿಯ ಮಾಂಸದಲ್ಲಿ ರಕ್ತವೂ ಪುಕ್ಕದ ಚೂರುಗಳೂ ಇರುವುದರಿಂದ, ತೊಳೆಯದೆ ಮನಸ್ಸು ಒಪ್ಪದವರು ಅಗಲವಾದ ಪಾತ್ರೆಯಲ್ಲಿ ನೀರಿಟ್ಟುಕೊಂಡು, ಮಾಂಸವನ್ನು ಅದರೊಳಗೆ ಮೆಲ್ಲನೆ ಅದ್ದಿ ತೆಗೆದು, ಪಾತ್ರೆಯನ್ನೂ ಬಚ್ಚಲನ್ನೂ ಸಾಬೂನಿನಿಂದ ಉಜ್ಜಲಿ. ಅರಿಸಿನ ಹಚ್ಚಿದೊಡನೆ ದೋಷವೆಲ್ಲ ಕಳೆಯಿತೆಂಬ ಭರವಸೆ ಮಾತ್ರ ಬೇಡ.

ಇನ್ನು ಕಾಲದ ಮಾತು. ೫ ಡಿಗ್ರಿಯಿಂದ ೬೦ ಡಿಗ್ರಿಯವರೆಗಿನ ಕಾವಿನಲ್ಲಿ ಈ ಬಗೆಯ ಜೀವಿಗಳು ಬೆಳೆಯುವುವು; ಬೆಚ್ಚಗಿನ ಹದ ದೊರೆತರೆ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುವುವು. ಲೆಕ್ಕಮಾಡಿ ನೋಡಿ: ಒಂದು ಇದ್ದದ್ದು ಎರಡು ಗಂಟೆಗೆ ೬೪, ನಾಲ್ಕು ಗಂಟೆಗೆ ೪೦೯೬. ಹೊಸತೊಡಕು ಬರುವುದು ಯುಗಾದಿಯ ಮರುದಿನ, ಕಡುಬಿಸಿಲಿನಲ್ಲಿ. ಬೆಳಿಗ್ಗೆ ಸಾಲಿನಲ್ಲಿ ನಿಂತು ತಂದ ಮಾಂಸವನ್ನು ಚೀಲದಲ್ಲಿಯೇ ಮಧ್ಯಾಹ್ನದವರೆಗೆ ಬಿಡುವುದು ಸಲ್ಲದು. ಫ್ರಿಜ್ಜು ಇಲ್ಲದವರು ತಂದೊಡನೆ ಬೇಯಿಸತಕ್ಕದ್ದು. ಇರುವವರು ಮುಚ್ಚಳದ ಡಬ್ಬಿಯಲ್ಲಿಟ್ಟು ಎಲ್ಲಕ್ಕಿಂತ ಕೆಳಗಿನ ಅಂತಸ್ತಿನಲ್ಲಿ ಇಡಲಿ; ಮೇಲಿಟ್ಟರೆ ಅದರ ನೀರು ಕೆಳಗಿನ ಹಾಲುಮೊಸರುಗಳಿಗೆ ತೊಟ್ಟಿಕ್ಕುವುದು. ೪ ಡಿಗ್ರಿಯ ತಂಪಿನಲ್ಲಿಯೂ ಹಸಿಕೋಳಿಯ ಆಯುಷ್ಯ ಒಂದೆರಡು ದಿನವೇ. ಫ್ರೀಜರಿನಲ್ಲಿ ತಿಂಗಳುಗಟ್ಟಲೆ ಇಡಬಹುದಾದರೂ ಅಲ್ಲಿ ಆ ಜೀವಿಗಳು ನಿದ್ರಿಸುವುವೇ ಹೊರತು ಎಲ್ಲವೂ ಸಾಯುವುದಿಲ್ಲ. ಹೆಪ್ಪುಗಟ್ಟಿದ್ದನ್ನು ಅಡಿಗೆಯ ಕಟ್ಟೆಯ ಮೇಲಿಡದೆ, ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಭಾಗಕ್ಕೆ ಇಳಿಸಿ ಕರಗಿಸಬೇಕು.

ಮಿಕ್ಕ ಸಾರಿನಲ್ಲಿ ಅಪಾಯವು ಬೇರೆ. ಕುದಿತಕ್ಕೂ ಸಾಯದ ಬೀಜರೂಪದಲ್ಲಿ ಉಳಿಯತಕ್ಕ ಕ್ಲಾಸ್ಟ್ರಿಡಿಯಮ್ ಜಾತಿಯ ಜೀವಿಯೊಂದುಂಟು. ದೊಡ್ಡ ಪಾತ್ರೆಯ ತುಂಬ ಇರುವ ಸಾರು ರಾತ್ರಿಯೆಲ್ಲ ನಿಧಾನವಾಗಿ ಆರುತ್ತಿರುವಾಗ ಅದು ಮೊಳೆತು ಪೆರುಗುವುದು. ಆದುದರಿಂದ ಉಂಡ ಎರಡು ಗಂಟೆಯೊಳಗೆ ಸಾರನ್ನು ಅಗಲವಾದ, ಆಳವಿಲ್ಲದ ಪಾತ್ರೆಗಳಿಗೆ ಹಂಚಿ, ಹಬೆ ಅಡಗಿದೊಡನೆ ಮುಚ್ಚಿ ಫ್ರಿಜ್ಜಿಗೆ ಸೇರಿಸಬೇಕು. ಮರುದಿನ ಇಡೀ ಪಾತ್ರೆಯನ್ನು ಒಲೆಗೇರಿಸದೆ, ಆ ಹೊತ್ತಿನ ಮುದ್ದೆಗೆ ಬೇಕಾದಷ್ಟನ್ನು ಮಾತ್ರ ಬೇರೆ ತೆಗೆದು ತಳಮಳ ಕುದಿಸಿ ಬಡಿಸುವುದು. ಉಳಿದದ್ದು ತಂಪಿನಲ್ಲಿಯೇ ಇರಲಿ, ಮೂರನೆಯ ದಿನಕ್ಕೆ ಮುಗಿಯಲಿ.