ಬೇಸಗೆಯ ಕಾಯಿಪಲ್ಯಗಳನ್ನು ಬಿತ್ತುವ ಕಾಲನಿರ್ಣಯ

ಸಂಕ್ರಾಂತಿ ಕಳೆದು ಸುಗ್ಗಿಯ ಕೆಲಸ ಹಗುರವಾದೊಡನೆ, ಬಾವಿಯಲ್ಲಿ ನೀರುಳ್ಳ ಜಮೀನುದಾರರ ಗಮನವು ಬೇಸಗೆಯ ಕಾಯಿಪಲ್ಯಗಳ ಕಡೆಗೆ ತಿರುಗುವುದು ಸಹಜ. ಬೆಂಡೆ, ಸೌತೆ, ಹೀರೆ, ಹಾಗಲ, ಸೋರೆ, ಕಲ್ಲಂಗಡಿ ಮೊದಲಾದುವುಗಳನ್ನು ಯಾವ ದಿನ ಬಿತ್ತಬೇಕೆಂಬ ಪ್ರಶ್ನೆಯನ್ನು ಗ್ರಾಮಗಳ ಮುಖಂಡರು ಪ್ರತಿ ವರ್ಷವೂ ಕೇಳುತ್ತಿರುತ್ತಾರೆ. ಇದು ಅಲ್ಪವಾದ ಪ್ರಶ್ನೆಯಲ್ಲ. ಮುಂಚಿತವಾಗಿ ಬಿತ್ತಿದರೆ ಬೀಜವು ತಣ್ಣನೆಯ ಮಣ್ಣಿನಲ್ಲಿ ಮಲಗಿ ಕೊಳೆಯುವುದು. ತಡಮಾಡಿದರೆ ಕಾಯಿ ಕಚ್ಚುವ ಹೊತ್ತಿಗೆ ಬಾವಿಯ ನೀರು ತಳ ಕಂಡಿರುವುದು. ಈ ಎರಡರ ನಡುವೆ ಇರುವ ಅವಕಾಶವು ಕೆಲವು ಜಿಲ್ಲೆಗಳಲ್ಲಿ ಮೂರು ವಾರಗಳಿಗಿಂತ ಹೆಚ್ಚಿಲ್ಲ.

ಶಿವರಾತ್ರಿಗೆ ಚಳಿಯು ಶಿವ ಶಿವಾ ಎಂದು ಓಡಿಹೋಗುವುದೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಈ ಮಾತನ್ನು ಹಿಡಿದು ಶಿವರಾತ್ರಿಯ ಮಾರನೆಯ ದಿನವೇ ಬೀಜ ಹಾಕುವ ವಾಡಿಕೆಯುಳ್ಳ ಊರುಗಳು ಉಂಟು. ಹಿರಿಯರ ಮಾತು ಒಟ್ಟಿನಲ್ಲಿ ನಿಜವೇ ಆದರೂ, ಅದನ್ನು ಬಿತ್ತನೆಯ ತಾರೀಖನ್ನಾಗಿ ಮಾಡಿಕೊಳ್ಳುವುದು ಯುಕ್ತವಲ್ಲ. ಏಕೆಂದರೆ ಶಿವರಾತ್ರಿಯು ಚಾಂದ್ರಮಾನದ ಹಬ್ಬ. ಚಾಂದ್ರಮಾನದ ವರ್ಷವು ಸೌರಮಾನದ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಆ ಕೊರತೆಯನ್ನು ಎರಡು ಮೂರು ವರ್ಷಗಳಿಗೊಮ್ಮೆ ಬರುವ ಅಧಿಕಮಾಸವು ತುಂಬುತ್ತದೆ. ಆದುದರಿಂದ ಮಹಾಶಿವರಾತ್ರಿಯು 2024ರಲ್ಲಿ ಮಾರ್ಚಿ 8ಕ್ಕೂ, 2025ರಲ್ಲಿ ಫೆಬ್ರವರಿ 26ಕ್ಕೂ, 2026ರಲ್ಲಿ ಫೆಬ್ರವರಿ 15ಕ್ಕೂ ಬಿದ್ದಿತು. ಮೂರೇ ವರ್ಷಗಳಲ್ಲಿ ಮೂರು ವಾರಗಳ ವ್ಯತ್ಯಾಸ! ಸೂರ್ಯನ ಶಾಖಕ್ಕೆ ಅಧಿಕಮಾಸದ ಗೊಡವೆಯಿಲ್ಲ. ಹಬ್ಬವನ್ನು ನೆಚ್ಚಿದವನ ಬೆಂಡೆಯು ಒಂದು ವರ್ಷ ಸಕಾಲಕ್ಕೆ ಬಿದ್ದರೆ ಇನ್ನೊಂದು ವರ್ಷ ಬಿಸಿಲಿಗೆ ಸಿಕ್ಕುವುದು.

ಇದಕ್ಕಿಂತ ಉತ್ತಮವಾದ ಲೆಕ್ಕವು ರೈತರ ಕೈಯಲ್ಲಿಯೇ ಇದೆ. ಮಳೆಗಳನ್ನು ನಾವು ಎಣಿಸುವುದು ಸೂರ್ಯನು ಯಾವ ನಕ್ಷತ್ರದಲ್ಲಿರುವನೋ ಅದನ್ನು ಹಿಡಿದು; ರೋಹಿಣಿಯು ಪ್ರತಿ ವರ್ಷವೂ ಮೇ 25ರ ಸುಮಾರಿಗೇ ಹುಟ್ಟುತ್ತದೆ. ಅದೇ ಪ್ರಕಾರ ಧನಿಷ್ಠೆಯು ಫೆಬ್ರವರಿ 6ರ ಸುಮಾರಿಗೂ, ಶತಭಿಷೆಯು 19ರ ಸುಮಾರಿಗೂ ಬರುತ್ತವೆ. ಮಳೆಯಿಲ್ಲದ ನಕ್ಷತ್ರಗಳಾದ್ದರಿಂದ ಇವನ್ನು ಯಾರೂ ಎಣಿಸುವುದಿಲ್ಲ, ಅಷ್ಟೇ. ಬಯಲುಸೀಮೆಯ ಬಹುಭಾಗಕ್ಕೆ ಧನಿಷ್ಠೆಯೇ ಬೇಸಗೆಯ ಕಾಯಿಪಲ್ಯದ ಬಿತ್ತನೆಗೆ ತಕ್ಕ ನಕ್ಷತ್ರವೆಂದು ನನ್ನ ಅಭಿಪ್ರಾಯ.

ಆದರೆ ಪಂಚಾಂಗವು ದಾರಿ ತೋರಿಸಬಲ್ಲುದೇ ಹೊರತು ಮಣ್ಣಿನ ಸ್ಥಿತಿಯನ್ನು ಹೇಳಲಾರದು. ಬೀಜವು ಗಾಳಿಯ ಚಳಿಯನ್ನು ಅರಿಯದು. ತನ್ನ ಸುತ್ತಲಿನ ಎರಡಂಗುಲ ಮಣ್ಣಿನ ಶಾಖವನ್ನು ಮಾತ್ರ ಅರಿಯುವುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿಂಗ್ಟನ್ ಎಂಬ ವಿದ್ವಾಂಸರು ಕಾಯಿಪಲ್ಯದ ಬೀಜಗಳನ್ನು ಬೇರೆ ಬೇರೆ ಶಾಖಗಳಲ್ಲಿಟ್ಟು ಪರೀಕ್ಷಿಸಿದ್ದಾರೆ. ಬೆಂಡೆಯ ಬೀಜವು 15 ಡಿಗ್ರಿ ಸೆಂಟಿಗ್ರೇಡಿನಲ್ಲಿ ಮೇಲೇಳಲು 27 ದಿನ ಹಿಡಿದರೆ, 20 ಡಿಗ್ರಿಯಲ್ಲಿ 17 ದಿನ, 30 ಡಿಗ್ರಿಯಲ್ಲಿ 7 ದಿನ ಮಾತ್ರ ಸಾಕಾಯಿತು. ಸೌತೆಯು 15 ಡಿಗ್ರಿಯಲ್ಲಿ 13 ದಿನ, 20ರಲ್ಲಿ 6 ದಿನ, 30ರಲ್ಲಿ 3 ದಿನ ತೆಗೆದುಕೊಂಡಿತು. ಅಂದರೆ ಹತ್ತು ದಿನ ಮುಂಚಿತವಾಗಿ ಬಿತ್ತಿದವನು ಹತ್ತು ದಿನ ಮುಂದಾಗುವನೆಂಬುದು ಭ್ರಮೆ. ಹಿಂದೆ ಬಿತ್ತಿದ ನೆರೆಯವನ ಪೈರು ಅದೇ ದಿನ ಕಣ್ಣು ಬಿಡುವುದು, ಸಾಲಿನಲ್ಲಿ ತೆರಪು ಕಡಮೆಯಾಗಿಯೂ ಇರುವುದು. ತಡವಾಗಿ ಮೊಳೆಯುವ ಬೀಜದಿಂದ ಸಕ್ಕರೆಯ ಅಂಶವು ಮಣ್ಣಿಗೆ ಒಸರಿ, ಕೊಳೆರೋಗದ ಬೂಷ್ಟನ್ನು ಕರೆದುಕೊಳ್ಳುತ್ತದೆ. ಆಗ ಬೀಜದಂಗಡಿಯವನನ್ನು ದೂರುವುದು ರೂಢಿ. ಹತ್ತರಲ್ಲಿ ಎಷ್ಟೋ ಸಲ ಅವನು ನಿರಪರಾಧಿ.

ಮಣ್ಣಿನ ಶಾಖವನ್ನು ಅಳೆಯುವುದು ಕಷ್ಟವಲ್ಲ. ಹವಾಮಾನ ಇಲಾಖೆಯ ಕೃಷಿ ವೀಕ್ಷಣಾಲಯಗಳಲ್ಲಿ 5, 10, 20 ಸೆಂಟಿಮೀಟರು ಆಳದ ಶಾಖವನ್ನು ಬೆಳಗ್ಗೆ 7 ಗಂಟೆಗೂ ಮಧ್ಯಾಹ್ನ 2 ಗಂಟೆಗೂ ನೋಡುವ ಪದ್ಧತಿಯಿದೆ. ಗ್ರಾಮದ ಮುಖಂಡರು ಒಂದು ಥರ್ಮಾಮೀಟರನ್ನು ಇಟ್ಟುಕೊಂಡು, ನೀರುಣಿಸಿದ ಮಡಿಯಲ್ಲಿ ಎರಡಂಗುಲ ಆಳಕ್ಕೆ ಊರಿ, ಬೆಳಗಿನ ಲೆಕ್ಕವನ್ನು ಐದು ದಿನ ಬರೆದಿಡಲಿ. ಎಡೆಬಿಡದೆ 18 ಡಿಗ್ರಿಗೆ ಕಡಮೆಯಾಗದಿದ್ದರೆ ಬಿತ್ತಬಹುದು; ಹಗಲಿನ ಬಿಸಿಲು ಉಳಿದುದನ್ನು ಪೂರೈಸಿಕೊಳ್ಳುವುದು. ಒಣನೆಲದಲ್ಲಿ ಅಳೆದ ಲೆಕ್ಕವು ಪ್ರಯೋಜನಕ್ಕೆ ಬಾರದು. ಒದ್ದೆ ಮಣ್ಣು ಕಾಯುವುದು ನಿಧಾನ. ಅದರಲ್ಲಿಯೂ ನೀರನ್ನು ಹಿಡಿದಿಡುವ ಎರೆಭೂಮಿಯು ಮರಳುಮಿಶ್ರಿತ ಕೆಂಪುಭೂಮಿಗಿಂತ ಹಿಂದೆ ಬೀಳುತ್ತದೆ. ಕಬ್ಬಿನ ಅಥವಾ ಹೊಂಗೆಯ ನೆರಳಿರುವ ಮಡಿಯು ಒಂದೇ ಹೊಲದಲ್ಲಿದ್ದರೂ ಬೇರೆಯೇ ಸೀಮೆಯೆಂದು ತಿಳಿಯತಕ್ಕದ್ದು.

ಕಾಯಲಾರದವರಿಗೆ ಎರಡು ಉಪಾಯಗಳಿವೆ. ಈ ಕಾಲದಲ್ಲಿ ಸೂರ್ಯನು ದಕ್ಷಿಣಕ್ಕೆ ವಾಲಿರುವುದರಿಂದ, ಪೂರ್ವಪಶ್ಚಿಮವಾಗಿ ದಿಂಡು ಕಟ್ಟಿ ದಕ್ಷಿಣದ ಇಳಿಜಾರಿನಲ್ಲಿ ಬೀಜವನ್ನು ಊರಿದರೆ ಶಾಖವು ಹೆಚ್ಚಾಗಿ ದೊರೆಯುವುದು. ಎರಡನೆಯದಾಗಿ, ಹಾಗಲ ಸೋರೆಗಳಂಥ ದಪ್ಪ ಸಿಪ್ಪೆಯ ಬೀಜಗಳನ್ನು ರಾತ್ರಿಯೆಲ್ಲ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಬೆಚ್ಚಗಿರುವ ತಿಪ್ಪೆಯ ಅಂಚಿನಲ್ಲಿ ಹುಗಿದಿಟ್ಟು, ಮೊಳಕೆ ಇಣುಕಿದ ಮೇಲೆ ಪಾತಿಗೆ ಹಾಕುವುದು. ನೆಲವನ್ನು ಮೊದಲೇ ತೋಯಿಸಿ, ಹದ ಬಂದಾಗ ಬಿತ್ತಿ, ಮೊಳಕೆ ಕಾಣುವವರೆಗೆ ನೀರನ್ನು ಬಿಗಿಹಿಡಿಯಬೇಕು.

ಸೀಮೆಯಿಂದ ಸೀಮೆಗೆ ಕಾಲವು ಬದಲಾಗುವುದನ್ನು ಮರೆಯಬಾರದು. ಕರಾವಳಿಯಲ್ಲಿ ಚಳಿಯ ಪ್ರಶ್ನೆಯೇ ಇಲ್ಲ; ಗದ್ದೆಯ ಭತ್ತ ಕೊಯ್ಲಾದೊಡನೆ ಸೌತೆ, ಅಲಸಂದೆ, ಹರಿವೆಗಳನ್ನು ಹಾಕುತ್ತಾರೆ. ಬೆಂಗಳೂರು, ಕೋಲಾರ, ಹಾಸನಗಳಲ್ಲಿ ಜನವರಿಯ ಕೊನೆಯಿಂದ ಪ್ರಾರಂಭಿಸಿ ನಿಧಾನವಾಗಿ ಬಿತ್ತಲು ಅವಕಾಶವುಂಟು, ಬೇಸಗೆ ಅಲ್ಲಿ ಸೌಮ್ಯ. ನಿಜವಾದ ಇಕ್ಕಟ್ಟು ಬೀದರ, ಕಲಬುರಗಿ, ವಿಜಯಪುರ, ರಾಯಚೂರುಗಳದು. ಅಲ್ಲಿ ಜನವರಿಯ ರಾತ್ರಿಗಳು ಕೊರೆಯುತ್ತವೆ. ಮಾರ್ಚಿ ಮುಗಿಯುವಷ್ಟರಲ್ಲಿ ಹಗಲು ಉರಿಯುತ್ತದೆ. ಫೆಬ್ರವರಿ 10ರಂದು ಬಿತ್ತಿದ ಬೆಂಡೆಯು ಮಾರ್ಚಿಯ ಕೊನೆಗೆ ಮೊದಲ ಬಿಡಿಸುವಿಕೆಗೆ ಬರುವುದು. ಇನ್ನೂ ಒಂದು ತಿಂಗಳು ತಡವಾದರೆ ಬಿಳಿನೊಣದ ಹಾವಳಿಗೆ ಸಿಕ್ಕಿ, ಅದು ಹರಡುವ ಹಳದಿ ನಂಜುರೋಗದಿಂದ ಎಲೆಯ ನರಗಳು ಬಿಳಿಚಿಕೊಳ್ಳುತ್ತವೆ. ಸೌತೆ ಹೀರೆಗಳಲ್ಲಾದರೋ ಶಾಖವೂ ಹಗಲೂ ಬೆಳೆದಂತೆ ಗಂಡುಹೂಗಳು ಹೆಚ್ಚಿ ಹೆಣ್ಣುಹೂಗಳು ಕಡಮೆಯಾಗುವುವು. ಬಳ್ಳಿ ಸೊಗಸಾಗಿ ಹಬ್ಬಿದ್ದರೂ ಬುಟ್ಟಿ ತುಂಬದು. ಟೊಮೇಟೊ ಗಿಡವು ರಾತ್ರಿಯ ಸೆಕೆಯಲ್ಲಿ ಹೂವನ್ನು ಉದುರಿಸುವುದರಿಂದ, ಆ ಜಿಲ್ಲೆಗಳಲ್ಲಿ ಬೇಸಗೆಗೆ ಅದನ್ನು ನಾನು ಸಲಹೆ ಮಾಡಲಾರೆ.

ಮೂಲಂಗಿ, ಗಜ್ಜರಿ, ಬಟಾಣಿ, ಕೋಸುಗಳಿಗೆ ಮೇಲಿನ ನಿಯಮವು ಅನ್ವಯಿಸುವುದಿಲ್ಲ. ಬಟಾಣಿಯು 10 ಡಿಗ್ರಿಯಲ್ಲಿಯೂ ಎರಡು ವಾರದೊಳಗೆ ಮೊಳೆಯುವುದು. ಇವುಗಳ ಬಿತ್ತನೆ ಹಿಂಗಾರಿನಲ್ಲಿಯೇ ಮುಗಿದಿರಬೇಕು.

ಬೀಜದ ಪ್ರಮಾಣದಲ್ಲಿ ಜಿಪುಣತನ ಬೇಡ. ಮುಂಗಾರಿನಲ್ಲಿ ಎಕರೆಗೆ 4 ಕಿಲೋಗ್ರಾಂ ಬೆಂಡೆಬೀಜ ಸಾಲುವ ಕಡೆ ಬೇಸಗೆಯಲ್ಲಿ 7ರಿಂದ 8 ಕಿಲೋಗ್ರಾಂ ಬೇಕಾಗುತ್ತದೆ. ಮೊಳೆಯುವುದು ಕಡಮೆ, ಗಿಡವು ಗಿಡ್ಡವಾದ್ದರಿಂದ ಸಾಲುಗಳೂ ಒತ್ತಾಗಿರಬೇಕು. ಬಾವಿಯ ನೀರು ಏಪ್ರಿಲಿನಲ್ಲಿ ಎಷ್ಟು ಉಳಿಯುವುದೆಂಬುದನ್ನು ಹಿಂದಿನ ವರ್ಷಗಳ ನೆನಪಿನಿಂದ ಅಂದಾಜು ಮಾಡಿ, ಅಷ್ಟಕ್ಕೆ ತಕ್ಕಷ್ಟು ಗುಂಟೆಗಳನ್ನು ಮಾತ್ರ ಬಿತ್ತತಕ್ಕದ್ದು. ಉತ್ತರದ ಜಿಲ್ಲೆಗಳಲ್ಲಿ ಶತಭಿಷೆ ಹುಟ್ಟಿದ ಮೇಲೆಯೂ ನೆಲ ಖಾಲಿಯಿದ್ದವರು ಬಳ್ಳಿಗಳ ಆಸೆಯನ್ನು ಬಿಟ್ಟು, ಬಿಸಿಲನ್ನು ತಡೆಯಬಲ್ಲ ಗೋರಿಕಾಯಿಯನ್ನು ಹಾಕಬಹುದು.